ಅವ್ವನ ಹೆಸರಿನಲ್ಲಿದ್ದ ಪುಸ್ತಕಗಳು

ಮಸ್ಕಿ
೧೧ ಜೂನ್ ೨೦೨೫

ಸಿಂಧನೂರಿನ ವೀರೇಂದ್ರ ಅವರಿಗೆ,

‘ಪ್ರೀತಿಯ’ ಎಂದು ಶುರುಮಾಡಲು ಕೈ ಬರಲಿಲ್ಲ. ನಿಮ್ಮ ನಂಬರ್ ಬ್ಲಾಕ್ ಮಾಡಿದ್ದೇನೆ, ಬ್ಲಾಕ್ ತೆಗೆಯುವುದೂ ಇಲ್ಲ. ಅದಕ್ಕೇ ಈ ಕಾಗದ.

ಹೋದ ತಿಂಗಳು ಬಟ್ಟೆಬರೆ ಒಯ್ಯಲು ಬಂದವರು ನನ್ನ ಕಂಪ್ಯೂಟರ್ ಮುಂದೆ ಯಾಕೆ ಕುಳಿತಿರಿ? ‘ಪುಸ್ತಕದ ಸಾಫ್ಟ್‌ವೇರ್ ಹಳೇದಾಗಿತ್ತು, ಹೊಸಾದು ಹಾಕೀನಿ, ಚಲೋ ಓಡತೈತಿ’ ಎಂದಿರಿ. ನಾನು ಕೇಳಿದ್ದೆನೇ? ಲಿಂಗಸುಗೂರಿನ ಮನೆ ಬಿಡುವಾಗಲೂ ಹೀಗೆಯೇ, ಸಾಮಾನು ಕಟ್ಟಿದ ಮೇಲೆ ನನಗೆ ಹೇಳಿದಿರಿ.

ಮೊದಲು ಆ ಸಾಫ್ಟ್‌ವೇರಿನಲ್ಲಿ ಪುಸ್ತಕಗಳು ಸೇರಿಸಿದ ದಿನಾಂಕದ ಪ್ರಕಾರ ನಿಲ್ಲುತ್ತಿದ್ದವು. ಒಂದನ್ನು ಒತ್ತಿದರೆ ಒಂದೇ ಆಯ್ಕೆಯಾಗುತ್ತಿತ್ತು. ಈಗ ಬರೆದವರ ಹೆಸರಿನ ಪ್ರಕಾರ ಗುಂಪುಗುಂಪಾಗಿವೆ. ಒಂದಕ್ಕೆ ಗುರುತು ಹಾಕಿದರೆ ಆ ಹೆಸರಿನ ಎಲ್ಲದಕ್ಕೂ ಬೀಳುತ್ತದೆ. ಸೋಮವಾರ ನನಗೆ ಬೇಡವಾದ ಒಂದು ಪುಸ್ತಕ ಅಳಿಸಲು ಹೋದೆ. ಯಾವುದೆಂದು ಕೇಳಬೇಡಿ. ಅದರೊಂದಿಗೆ ನಮ್ಮ ಅವ್ವನ ಬೀಸುವ ಪದಗಳ ಮೂವತ್ತೆಂಟು ಪುಸ್ತಕಗಳೂ ಹೋದವು. ಎಂದಿನಂತೆ ಕಸದಬುಟ್ಟಿಯನ್ನೂ ಖಾಲಿ ಮಾಡಿಬಿಟ್ಟಿದ್ದೆ.

ಆ ಪದಗಳು ಹೇಗೆ ಬಂದವೆಂದು ನಿಮಗೆ ಗೊತ್ತು. ಬೀಸುಕಲ್ಲಿನ ಗೂಟ ಹಿಡಿಯದೆ ಅವ್ವನಿಗೆ ಬಾಯಿಗೆ ಪದ ಬರುತ್ತಿರಲಿಲ್ಲ. ತವರು ಸಂತೆಕಲ್ಲೂರಿನಿಂದ ಕಲ್ಲನ್ನೇ ಆಟೋದಲ್ಲಿ ಹೇರಿಕೊಂಡು ತಂದೆವು. ಆಕೆ ಬೀಸಿದಳು, ನಾನು ಒಂದೊಂದು ಪದವನ್ನೂ ಒಂದೊಂದು ಪುಸ್ತಕವಾಗಿ ಟೈಪ್ ಮಾಡಿದೆ. ‘ಏನ್ ಬೇ ಶಿವಗಂಗಾ, ನನ್ನ ಪದ ಆ ಡಬ್ಬಿಯೊಳಗ ಕುಂತಾವೇನು?’ ಎಂದು ನಕ್ಕಿದ್ದಳು. ಬರೆದವರ ಹೆಸರು ಹಾಕುವಲ್ಲಿ ನಾನು ‘ಸಂಗಮ್ಮ’ ಎನ್ನಲಿಲ್ಲ, ‘ಅವ್ವ’ ಎಂದೆ. ಬೇರೆ ಯಾವ ಹೆಸರಿನಿಂದಲೂ ಆಕೆಯನ್ನು ಕರೆದವಳಲ್ಲ ನಾನು. ಆಕೆ ತೀರಿ ವರ್ಷವಾಯಿತು. ಆ ಪದಗಳು ಇನ್ನಾರ ಬಾಯಲ್ಲೂ ಇಲ್ಲ.

ಹೊಸದು ಹಾಕುವ ಮೊದಲು ನೀವು ಎಲ್ಲವನ್ನೂ ಪೆನ್‌ಡ್ರೈವ್‌ಗೆ ನಕಲು ಮಾಡಿ, ‘ಇದು ನಂದು’ ಎಂದು ಜೇಬಿಗೆ ಹಾಕಿಕೊಂಡಿರಿ. ಅದರಲ್ಲಿ ನನ್ನ ಅವ್ವ ಇದ್ದಾಳೆ. ಶನಿವಾರದೊಳಗೆ ಬಸ್ ನಿಲ್ದಾಣದ ಎದುರಿನ ಜಿಲಾನಿಸಾಬರ ಝೆರಾಕ್ಸ್ ಅಂಗಡಿಯಲ್ಲಿ ಅದನ್ನು ಕೊಟ್ಟು ಹೋಗಿ. ನನ್ನ ಮನೆಯ ಮೆಟ್ಟಿಲು ಹತ್ತಬೇಡಿ. ನಿಮ್ಮನ್ನು ಏನಾದರೂ ಕೇಳಬೇಕಾಗಿ ಬಂತಲ್ಲ ಎಂದು ಮೈಯೆಲ್ಲ ಉರಿಯುತ್ತಿದೆ.

ಕಾಗದಪತ್ರದಲ್ಲಿ ಮಾತ್ರ ನಿಮ್ಮ ಹೆಂಡತಿ,
ಶಿವಗಂಗಾ

ತಾ.ಕ.: ನೀವು ಹೇಗೂ ಪತ್ತೆಹಚ್ಚುತ್ತೀರಿ, ನಾನೇ ಹೇಳಿಬಿಡುತ್ತೇನೆ. ಅಳಿಸಲು ಹೋದದ್ದು ನಿಮ್ಮ ತಾಯಿಯ ಪುಸ್ತಕವನ್ನು. ಗುರುಗುಂಟಾದಲ್ಲಿ ಅತ್ತೆ ದನಕ್ಕೂ ಜನಕ್ಕೂ ಕೊಡುತ್ತಿದ್ದ ಔಷಧಿಗಳು, ಅವರ ಕೊನೆಗಾಲದಲ್ಲಿ ನೀವು ಕೇಳಿ ಬರೆದುಕೊಂಡು ಇದೇ ಕಂಪ್ಯೂಟರಿಗೆ ಸೇರಿಸಿದ್ದು. ಮಕ್ಕಳಾಗದವರಿಗೆಂದು ಅದರಲ್ಲೊಂದು ಕಷಾಯವಿದೆ. ಮೂರು ವರ್ಷ ನನಗೆ ಕುಡಿಸಿದರು. ನೀವು ಒಂದು ದಿನವೂ ಡಾಕ್ಟರ ಹತ್ತಿರ ಬರಲಿಲ್ಲ. ಅದು ಕಣ್ಣೆದುರು ಇರಬಾರದೆಂದು ಗುರುತು ಹಾಕಿದೆ. ಬರೆದವರ ಹೆಸರು ನೀವೂ ‘ಅವ್ವ’ ಎಂದೇ ಹಾಕಿದ್ದನ್ನು ನೋಡಲಿಲ್ಲ. ಇಬ್ಬರೂ ಒಟ್ಟಿಗೇ ಹೋದರು. ಪೆನ್‌ಡ್ರೈವ್ ಕೊಡುವ ಮೊದಲು ನಿಮ್ಮ ಅವ್ವನದನ್ನು ಬೇರೆ ಕಡೆ ಇಟ್ಟುಕೊಳ್ಳಿ. ನನ್ನ ಕೈಯಲ್ಲಿ ಅದು ಉಳಿಯುತ್ತದೆಂದು ನನಗೇ ನಂಬಿಕೆಯಿಲ್ಲ.