ಏಳು ಸೆಕೆಂಡು ಮುಂಚೆ

ಮಾರ್ಚ್ 1, ಶನಿವಾರ

ಹಿತ್ತಿಲ ಹಿಮವಿನ್ನೂ ಕರಗಿಲ್ಲ, ಆಗಲೇ ನಮ್ಮ ಫೇರ್‌ಡೇಲ್ ಕಾಲೇಜಿನ ಹುಡುಗಿಯರ ಬ್ಯಾಸ್ಕೆಟ್‌ಬಾಲ್ ಸೀಸನ್ ಮುಗಿಯಿತು. ಒಂದೇ ಅಂಕದಿಂದ ಸೋತರು.

ಆಟವಿದ್ದಾಗ ನನ್ನ ಗಂಡ ಡೆಲ್ಮರ್ ಹಾಲ್‌ನಲ್ಲಿ ಟೀವಿ ನೋಡುತ್ತಾನೆ, ನಾನು ಅಡುಗೆಮನೆಯಲ್ಲಿ ರೇಡಿಯೊ ಕೇಳುತ್ತೇನೆ. ಟೀವಿಗಿಂತ ರೇಡಿಯೊದಲ್ಲಿ ಆಟ ಏಳು ಸೆಕೆಂಡು ಮುಂಚೆ ಬರುತ್ತದೆ. "ಕಿರುಚ್ಬೇಡ ಕಣೆ, ನಂಗೆ ಮೊದ್ಲೇ ಗೊತ್ತಾಗ್ಬಿಡುತ್ತೆ" ಎಂದು ವರ್ಷಗಳಿಂದ ಗೊಣಗುತ್ತಾನೆ.

ಇವತ್ತು ಕೊನೆಯ ಚೆಂಡು ಬುಟ್ಟಿಯ ಅಂಚಿಗೆ ಬಡಿದು ಹೊರಗೆ ಬಿತ್ತೆಂದು ರೇಡಿಯೊದವನು ಹೇಳಿದಾಗ ತುಟಿ ಕಚ್ಚಿಕೊಂಡೆ. ಏಳು ಸೆಕೆಂಡಾದರೂ ಡೆಲ್ಮರ್ ಆಸೆಯಿಂದಿರಲಿ ಅನ್ನಿಸಿತು.

ಆಮೇಲೆ ರೇಡಿಯೊಗೆ ಫೋನ್ ಮಾಡಿದ ಅಭಿಮಾನಿಗಳೆಲ್ಲ ಕೋಚ್‌ಗೆ ಉಗಿದರು. ಡೆಲ್ಮರ್ ಮಾತ್ರ ತಣ್ಣಗೆ ತಟ್ಟೆ ಒರೆಸುತ್ತಿದ್ದ.

"ಚೆಂಡಿನ್ನೂ ಆ ಹುಡುಗಿ ಕೈಯಲ್ಲಿದ್ದಾಗ್ಲೇ ಗೊತ್ತಾಯ್ತು, ಸೋತ್ವಿ ಅಂತ."

"ನಾನು ಉಸಿರೇ ಬಿಡ್ಲಿಲ್ವಲ್ಲ!"

"ಅದಕ್ಕೇ ಗೊತ್ತಾಗಿದ್ದು."