ನೆಗೆಟಿವ್ ಬಂದ ರಿಪೋರ್ಟು

ಜಗದೇವಿ,

ಇದನ್ನು ಯಾವ ಮುಖ ಇಟ್ಟುಕೊಂಡು ಕಳಿಸಲಿ? ಸುಮ್ಮನೆ ಬರೆಯುತ್ತಿದ್ದೇನೆ.

ಇವತ್ತು ಜೇವರ್ಗಿ ಕಾಲೋನಿಯ ಡಾಕ್ಟರು ನನ್ನ ಬಾತ ಬೆರಳುಗಳನ್ನು ಒತ್ತಿ ನೋಡಿದರು. ಸಂಧಿವಾತದ ಆಂಟಿಬಾಡಿ ಟೆಸ್ಟು ನೆಗೆಟಿವ್ ಬಂದಿತ್ತು. “ಹಂಗಂದ್ರ ನನಗೇನೂ ಇಲ್ಲೇನ್ರೀ?” ಅಂದೆ.

“ಅದ ರೀ ಅಮ್ಮಾ. ಈ ಬ್ಯಾನಿ ಇದ್ರೂ ಕೆಲವರಿಗೆ ರಕ್ತದಾಗ ಕಾಣಂಗಿಲ್ಲ. ಕೈ ನೋಡಿ, ಮಾತು ಕೇಳಿ ತಿಳ್ಕೋಬೇಕು,” ಅಂದರು.

ನಿನ್ನ ಬೆರಳುಗಳೂ ಹೀಗೇ ನೋಯುತ್ತಿದ್ದಾಗ ಮಾಡಿಸಿದ ರಿಪೋರ್ಟೂ ನೆಗೆಟಿವ್ ಇತ್ತು. ಅದನ್ನು ಹಿಡಿದು, “ರೊಟ್ಟಿ ಬಡಿಯೋ ಮನಸಿಲ್ಲ, ನಾಟಕ ಮಾಡ್ತಾಳ” ಎಂದು ಓಣಿಗೆಲ್ಲ ಕೇಳುವಂತೆ ಕೂಗಿದವಳು ನಾನು, ನಿನ್ನ ಅತ್ತೆ. ಮರುದಿನ ಕಮಲಾಪುರದ ತವರಿಗೆ ಹೋದ ನೀನು ಮರಳಲಿಲ್ಲ.

ಇವತ್ತು ನಾನು ಡಾಕ್ಟರ ಹತ್ತಿರದಿಂದ ಮನೆಗೆ ಬಂದೊಡನೆ ನಿನ್ನ ಗಂಡ, “ಅವ್ವಾ, ನೀ ಕೂಡು, ರೊಟ್ಟಿ ನಾ ಬಡೀತೀನಿ” ಎಂದು ಹಿಟ್ಟಿಗೆ ಕೈ ಹಾಕಿದ.

ಅಂದು ನಿನ್ನ ಬದಲು ರೊಟ್ಟಿ ಬಡಿಯಲು ಎದ್ದವನನ್ನು ನಾನೇ ಕೂರಿಸಿದ್ದೆ.