ಮೇಡಂಗೆ ಓದಿದ ಕಾಗದಗಳು

ಭಾನುವಾರ, ಮಧ್ಯಾಹ್ನ

ನನ್ನ ಮೀನುಮರಿಗೆ,

ಈ ಹೆಸರಿನಿಂದ ಕರೆಯಬೇಡ ಅಂತ ನೀನು ಎಷ್ಟು ಸಲ ಹೇಳಿದ್ದೀಯೋ. ಈಗ ನೀನೇ ಹತ್ತಾರು ಮಕ್ಕಳಿಗೆ ಈಜು ಕಲಿಸುವ ಟೀಚರಮ್ಮ, ಮರಿ ಅನ್ನಿಸಿಕೊಳ್ಳುವ ವಯಸ್ಸು ದಾಟಿದೆ, ಎಲ್ಲ ಒಪ್ಪಿದೆ. ಆದರೆ ಕಾಗದದಲ್ಲಿ ನನ್ನ ಬಾಯಿ ಮುಚ್ಚಿಸುವುದಕ್ಕೆ ನಿನ್ನಿಂದ ಆಗುವುದಿಲ್ಲ. ಫೋನಿನಲ್ಲಾದರೆ ನಾನು ಉದ್ದಕ್ಕೆ ಬರೆದು ಕಳಿಸುತ್ತೇನೆ, ನೀನು "ಹೂಂ" ಅಂತ ಒಂದು ಕಳಿಸುತ್ತೀಯ. ಕೆಲವು ಸಲ ಅದೂ ಇಲ್ಲ, ಬರೀ ಹೆಬ್ಬೆರಳಿನ ಚಿತ್ರ. ಹೆತ್ತ ತಾಯಿಗೆ ಹೆಬ್ಬೆರಳು ತೋರಿಸುವ ಕಾಲ ಬಂತು ನೋಡಿ ಅಂತ ನಮ್ಮ ಹಲ್ಲಿನ ಲ್ಯಾಬಿನಲ್ಲಿ ಎಲ್ಲರಿಗೂ ಹೇಳಿ ನಗಿಸಿದ್ದೇನೆ. ನನಗೆ ನಗು ಬಂದಿತ್ತು ಅಂತಲ್ಲ.

ಇರಲಿ, ಜಗಳ ತೆಗೆಯಲು ಕೂತಿಲ್ಲ. ನಿನ್ನಿಂದ ನನಗೊಂದು ಕೆಲಸ ಆಗಬೇಕಿದೆ. ಅದಕ್ಕೆ ಮೊದಲು ಮೇಡಂ ವಿಷಯ ಹೇಳಬೇಕು. ಮೇಡಂ ಅಂದರೆ ಒಂದು ನಾಯಿ.

ನಾನೀಗ ಲ್ಯಾಬಿಗೆ ಬೆಳಗಿನ ಹೊತ್ತು ಮಾತ್ರ ಹೋಗುತ್ತೇನೆ. ಕೈ ಸಣ್ಣಗೆ ನಡುಗುತ್ತದೆ. ಗಾಬರಿ ಬೇಡ, ವಯಸ್ಸು ಅಷ್ಟೇ. ಆದರೆ ಹಲ್ಲಿನ ಸೆಟ್ಟು ಉಜ್ಜುವಾಗ ಕೂದಲೆಳೆಯಷ್ಟು ಜಾಸ್ತಿ ಹೋದರೂ ಯಾರದೋ ಬಾಯಿ ಹುಣ್ಣಾಗುತ್ತದೆ. ಈ ಊರಿನ ಅರ್ಧ ಮುದುಕರ ನಗು ನನ್ನ ಕೈಯಲ್ಲೇ ಆಗಿದ್ದು. ಈಗ ಹೋಗಿ ಅವರಿಂದ ಬೈಸಿಕೊಳ್ಳುವುದು ಯಾಕೆ ಅಂತ ಮಧ್ಯಾಹ್ನದ ಕೆಲಸ ಬಿಟ್ಟುಕೊಟ್ಟೆ. ಬಿಟ್ಟ ಮೇಲೆ ಗೊತ್ತಾಯಿತು, ನಮ್ಮ ಮನೆಯಲ್ಲಿ ಮಧ್ಯಾಹ್ನಗಳು ಬಹಳ ಉದ್ದ.

ಮೊದಲು ಬೀರು ಸ್ವಚ್ಛ ಮಾಡಿದೆ. ನಿನ್ನ ಹಳೆಯ ಈಜಿನ ಟವೆಲುಗಳು ರಾಶಿ ಬಿದ್ದಿದ್ದವು, ಕ್ಲೋರಿನ್ನಿಗೆ ಬಣ್ಣ ಹೋದವು. ಬಸ್ ಡಿಪೋ ಹಿಂದೆ ದಿಕ್ಕಿಲ್ಲದ ಪ್ರಾಣಿಗಳನ್ನು ಇಟ್ಟುಕೊಂಡು ಸಾಕುವ ಆಶ್ರಯವಿದೆ. ಅಲ್ಲಿ ಹಳೆಯ ಟವೆಲು ಬೇಕು ಅಂತ ಗೇಟಿಗೆ ಬೋರ್ಡು ತೂಗುಹಾಕಿದ್ದರು. ಹೊತ್ತುಕೊಂಡು ಹೋಗಿ ಕೊಟ್ಟುಬಿಟ್ಟೆ. ಸಿಟ್ಟು ಮಾಡಿಕೊಳ್ಳಬೇಡ, ಹಳದಿಯದೊಂದನ್ನು ಇಟ್ಟುಕೊಂಡಿದ್ದೇನೆ.

ಆಶ್ರಯ ನೋಡಿಕೊಳ್ಳುವಾಕೆ ಹಿಂದೆ ಬಸ್ಸಿನಲ್ಲಿ ಟಿಕೆಟ್ ಹರಿಯುತ್ತಿದ್ದವಳು. ಈಗಲೂ ಎಲ್ಲರ ಬಾಯಲ್ಲಿ ಕಂಡಕ್ಟರಮ್ಮ. ಊಟದ ಬಟ್ಟಲಿಗೆ ಮುಗಿಬೀಳುವ ನಾಯಿಗಳಿಗೆ "ಒಬ್ಬೊಬ್ರಾಗಿ ಬನ್ರಪ್ಪಾ, ಹಿಂದೆ ಜಾಗ ಖಾಲಿ ಇದೆ" ಅಂತ ಕೂಗುತ್ತಾಳೆ. ನನ್ನ ಕೈಯಿಂದ ಟವೆಲು ಇಸಿದುಕೊಂಡವಳೇ ನನ್ನ ಕನ್ನಡಕ ನೋಡಿದಳು. ಓದೋಕೆ ಬರುತ್ತಾ, ಮಧ್ಯಾಹ್ನ ಬಿಡುವಿದೆಯಾ, ಕೂತು ಮಾತಾಡೋ ಅಭ್ಯಾಸ ಇದೆಯಾ ಅಂತ ವಿಚಾರಿಸಿದಳು. ಮೂರಕ್ಕೂ ಹೌದು ಅಂದೆ. ಒಂದು ಸ್ಟೂಲು ಕೊಟ್ಟು ಮೂಲೆಯ ಗೂಡಿನ ಮುಂದೆ ಕೂರಿಸಿದಳು.

ಅಲ್ಲಿ ಒಂದು ಪದ್ಧತಿ ಇಟ್ಟುಕೊಂಡಿದ್ದಾರೆ. ಹೆದರಿ ಮುದುಡಿಕೊಂಡ ನಾಯಿಯನ್ನು ಮುಟ್ಟುವುದಿಲ್ಲ, ಕರೆಯುವುದಿಲ್ಲ, ಬಿಸ್ಕತ್ತಿನ ಆಸೆ ತೋರಿಸುವುದಿಲ್ಲ. ಅದರ ಮುಂದೆ ಯಾರಾದರೂ ಕೂತು ಏನಾದರೂ ಗಟ್ಟಿಯಾಗಿ ಓದುತ್ತಾರೆ. ಮನುಷ್ಯರ ದನಿ ಅದಕ್ಕೆ ಅಭ್ಯಾಸವಾಗಲಿ, ಆ ದನಿಯಿಂದ ಕೆಟ್ಟದ್ದೇನೂ ಆಗುವುದಿಲ್ಲ ಅಂತ ನಂಬಿಕೆ ಬರಲಿ ಅಂತ. ಮೊದಲು ನನಗೆ ಇದು ಬುದ್ಧಿ ನೆಟ್ಟಗಿಲ್ಲದವರ ಕೆಲಸ ಅನ್ನಿಸಿತು. ಆಮೇಲೆ, ಮನೆಯಲ್ಲಿ ಗೋಡೆಗಳ ಹತ್ತಿರ ಮಾತಾಡುವುದಕ್ಕಿಂತ ವಾಸಿ ಅಂತ ಒಪ್ಪಿಕೊಂಡೆ.

ಆ ಗೂಡಿನಲ್ಲಿದ್ದವಳೇ ಮೇಡಂ. ಮೈಯೆಲ್ಲ ಬಿಳಿ, ಒಂದು ಕಣ್ಣು ಕಂದು, ಇನ್ನೊಂದು ನೀಲಿ. ಯಾರೋ ಆಶ್ರಯದ ಗೇಟಿಗೆ ಕಟ್ಟಿಹಾಕಿ ಹೋಗಿದ್ದರಂತೆ. ಯಾರು ಕರೆದರೂ ಏಳುವುದಿಲ್ಲ, ಯಾರು ಬಂದರೂ ಬಾಲ ಆಡಿಸುವುದಿಲ್ಲ. ಅಷ್ಟು ಬಿಂಕ ಇರುವವರನ್ನು ಇನ್ನೇನಂತ ಕರೆಯುವುದು ಅಂತ ಕಂಡಕ್ಟರಮ್ಮ ಇಟ್ಟ ಹೆಸರು ಅದು. ಒಂದು ಸಲ ಕೆಲಸದವನ ಕೈಯಿಂದ ಖಾಲಿ ಬಕೆಟ್ಟು ಜಾರಿ ಬಿತ್ತು. ಇಡೀ ಆಶ್ರಯ ಬೊಗಳಿ ಗುಲ್ಲೆಬ್ಬಿಸಿತು, ಮೇಡಂ ಮಾತ್ರ ನಿದ್ದೆಯಿಂದ ಕಣ್ಣು ಬಿಡಲಿಲ್ಲ. ಎಂಥಾ ಸೊಕ್ಕು ಅಂತ ನಾವಿಬ್ಬರೂ ಬೆರಗಾದೆವು.

ಮೊದಮೊದಲು ಅವಳಿಗೆ ಪೇಪರು ಓದಿದೆ. ತರಕಾರಿ ರೇಟು, ಯಾವುದೋ ಮಂತ್ರಿಯ ಭಾಷಣ, ನಾಳೆಯ ಹವಾಮಾನ. ಗೂಡಿನೊಳಗಿನ ಮಲಗುವ ಹಲಗೆಯ ಕೆಳಗೆ ಸೇರಿಕೊಂಡು, ನೆಲಕ್ಕೆ ಗಲ್ಲ ಊರಿ ನನ್ನನ್ನೇ ನೋಡುತ್ತಿದ್ದಳು. ಕದಲುತ್ತಿರಲಿಲ್ಲ. ವಾರಗಟ್ಟಲೆ ಹೀಗೇ ಆಯಿತು. ಒಂದು ದಿನ ಪೇಪರು ಬಸ್ಸಿನಲ್ಲೇ ಮರೆತು ಬಂದೆ. ಬ್ಯಾಗು ತಡಕಿದರೆ ನಿನ್ನ ಕಾಗದಗಳು ಸಿಕ್ಕಿದವು, ನೀನು ಈಜಿನ ಹಾಸ್ಟೆಲಿನಿಂದ ಬರೆಯುತ್ತಿದ್ದೆಯಲ್ಲ, ಅವು. ಬ್ಯಾಗಿಗೆ ಹೇಗೆ ಬಂದವು ಅಂತ ಕೇಳಬೇಡ. ಟವೆಲುಗಳ ಜೊತೆ ಸೇರಿಕೊಂಡಿರಬೇಕು.

ಕೈಗೆ ಬಂದದ್ದನ್ನು ಬಿಚ್ಚಿದೆ. ನಿನಗೆ ಹತ್ತು ವರ್ಷ ಆಗ. ಅಮ್ಮಾ, ಇಲ್ಲಿ ನೀರು ತುಂಬಾ ತಣ್ಣಗಿದೆ, ವಾರ್ಡನ್ ಗೊರಕೆ ಹೊಡೆಯುತ್ತಾರೆ, ನನ್ನ ದವಡೆ ಹಲ್ಲು ಬಿತ್ತು, ಕವರಿನಲ್ಲಿ ಇಟ್ಟಿದ್ದೇನೆ, ಚೆನ್ನಾಗಿದ್ದರೆ ಯಾರಿಗಾದರೂ ಹಾಕು ಅಂತ ಬರೆದಿದ್ದೀಯ! ಓದುತ್ತಾ ಓದುತ್ತಾ ತಡೆಯಲಾಗದೆ ನಕ್ಕುಬಿಟ್ಟೆ. ತಲೆ ಎತ್ತಿದರೆ ಮೇಡಂ ಹಲಗೆಯ ಕೆಳಗಿಂದ ಅರ್ಧ ಹೊರಗೆ ಬಂದಿದ್ದಾಳೆ. ಕಂಡಕ್ಟರಮ್ಮ ದೂರದಿಂದಲೇ ನಿಲ್ಲಿಸಬೇಡಿ ಅಂತ ಕೈಸನ್ನೆ ಮಾಡಿದಳು. ನಾನು ಇನ್ನೊಂದು ಬಿಚ್ಚಿದೆ.

ಆಮೇಲೆ ದಿನವೂ ಅವೇ. ನೀನು ಮೊದಲ ಸಲ ಗೆದ್ದ ಕಾಗದ, ಸೋತ ಕಾಗದ, ಪಕ್ಕದ ಹಾಸಿಗೆಯವಳು ಸೋಪು ಕದ್ದ ಕಾಗದ. ಮೇಡಂ ಗೇಣು ಗೇಣಾಗಿ ಮುಂದೆ ಬಂದಳು. "ಈ ಭಾನುವಾರ ಎಲ್ಲರ ಅಮ್ಮಂದಿರೂ ಬಂದಿದ್ದರು, ನೀನು ಬರದಿದ್ದರೂ ಪರವಾಗಿಲ್ಲ, ನಾನು ನೀರಿನಲ್ಲೇ ಇದ್ದೆ" ಅಂತ ನೀನು ಬರೆದದ್ದೊಂದಿದೆ ನೋಡು. ಅದನ್ನು ಓದಿದ ದಿನ ಅವಳು ಸರಳಿನವರೆಗೆ ಬಂದು, ಮೂಗು ಹೊರಗೆ ಹಾಕಿ ನನ್ನ ಮೊಣಕಾಲಿಗೆ ಒತ್ತಿಕೊಂಡಳು. ಅಲ್ಲಿ ಫಿನಾಯಿಲ್ ವಾಸನೆ ಜಾಸ್ತಿ, ಕಣ್ಣು ಉರಿಯುತ್ತದೆ. ಕನ್ನಡಕ ಒರೆಸಿಕೊಂಡು ಓದು ಮುಗಿಸಿದೆ.

ಅಂತೂ ಮೇಡಂಗೆ ಈಗ ನಿನ್ನ ವಿಷಯ ಗೊತ್ತಿಲ್ಲದ್ದು ಏನೂ ಇಲ್ಲ.

ಅವಳನ್ನು ಮನೆಗೆ ಕರೆದುಕೊಂಡು ಬರುತ್ತೇನೆ ಅಂತ ಹೇಳಿದ್ದೇನೆ. ಯಾರಿಗೋ ಕೊಟ್ಟುಬಿಡುತ್ತಾರೆ ಅಂತ ಕೇಳಿ ಮೊದಲು ನನ್ನ ಹೆಸರು ಬರೆಸಿಬಿಟ್ಟೆ. ಕೊಡುವ ಮೊದಲು ಮನೆ ನೋಡುವುದು ಅವರ ಕ್ರಮ. ಕಂಡಕ್ಟರಮ್ಮ ಬಂದು ಬಾಲ್ಕನಿಯ ಕಂಬಿ ಅಲ್ಲಾಡಿಸಿದಳು, ಮೆಟ್ಟಿಲು ನೋಡಿದಳು, ನಿನ್ನ ರೂಮಿನ ಬಾಗಿಲು ತೆಗೆದಳು. ಖಾಲಿ ಇದೆಯಲ್ಲಾ, ನಾಯಿ ಇಲ್ಲೇ ಮಲಗಲಿ ಅಂದಳು. ಅದು ನನ್ನ ಮಗಳ ರೂಮು, ಅವಳು ಬರ್ತಾಳೆ ಅಂದೆ. ಯಾವಾಗ ಅಂತ ಕೇಳಿದಳು. ಬಸ್ಸಿನಲ್ಲಿ ದುಡಿದವರಿಗೆ ಯಾವಾಗ ಅನ್ನುವುದು ಬಹಳ ಮುಖ್ಯ. ನಾನು ಟೀ ಮಾಡಲು ಎದ್ದು ಹೋದೆ.

ನೀನು ಕೊನೆಯ ಸಲ ಬಂದಾಗ ಅಡಿಗೆಮನೆಯಲ್ಲಿ ನಿಂತು ಕೇಳಿದೆ. ನನ್ನನ್ನು ಅಷ್ಟು ಚಿಕ್ಕವಳನ್ನು ದೂರ ಕಳಿಸಿ, ನಿನಗೆ ಒಂದು ದಿನವಾದರೂ ಮನೆ ಖಾಲಿ ಅನ್ನಿಸ್ತಾ ಅಂತ. ನಾನು ಪಾತ್ರೆ ಉಜ್ಜುತ್ತಿದ್ದೆ. ಕೆಲಸ ಇತ್ತು, ಅನ್ನಿಸೋಕೆ ಪುರುಸೊತ್ತು ಎಲ್ಲಿತ್ತು ಅಂದೆ. ನೀನು ಬ್ಯಾಗು ತೆಗೆದುಕೊಂಡು ಹೊರಟೆ. ಅಂದಿನಿಂದ ಹೂಂ ಮತ್ತು ಹೆಬ್ಬೆರಳು. ಕಳಿಸಿದ್ದು ತಪ್ಪು ಅಂತ ನಾನು ಈಗಲೂ ಹೇಳುವುದಿಲ್ಲ, ತಿಳಿದುಕೋ. ನಿನಗೆ ನೀರು ಬೇಕಿತ್ತು. ನಮ್ಮ ಬಚ್ಚಲಿನ ತೊಟ್ಟಿಯಲ್ಲಿ ಮುಳುಗಿ ಉಸಿರು ಹಿಡಿಯುತ್ತಿದ್ದ ಹುಡುಗಿಯನ್ನು ಎಷ್ಟು ದಿನ ಕಟ್ಟಿಹಾಕಲಿ? ಉಳಿದದ್ದನ್ನು ಮಾತಾಡುವುದು ನನಗೆ ಬರುವುದಿಲ್ಲ. ಹಲ್ಲಿನ ಅಚ್ಚಿಗೆ ಪ್ಲಾಸ್ಟರು ಕಲಸು ಅಂದರೆ ಕಲಸುತ್ತೇನೆ.

ಈಗ ಕೆಲಸದ ಮಾತು. ನಿನ್ನ ಕಾಗದಗಳು ಮುಗಿದುಹೋಗಿವೆ. ಹಾಸ್ಟೆಲಿಗೆ ಫೋನು ಬಂದ ಮೇಲೆ ನೀನು ಬರೆಯುವುದನ್ನೇ ಬಿಟ್ಟೆ. ಇದ್ದವನ್ನೇ ತಿರುಗಿಸಿ ತಿರುಗಿಸಿ ಓದಿದ್ದೇನೆ, ಮೇಡಂಗೆ ಬೇಜಾರು ಬಂದಿರಬೇಕು ಅಂತ ನನ್ನ ಅಂದಾಜು. ಹೊಸ ಮನೆಗೆ ಬಂದ ಮೊದಲ ದಿನಗಳಲ್ಲಿ ಅವಳು ಮತ್ತೆ ಹೆದರಬಹುದು, ಆಗ ಓದುವುದಕ್ಕೆ ಹೊಸದೊಂದು ಇರಬೇಕು. ಆದ್ದರಿಂದ ನೀನೊಂದು ಕಾಗದ ಬರೆ. ನನಗಲ್ಲ, ಅವಳಿಗೆ. ಏನು ಬೇಕಾದರೂ ಬರೆ: ನಿನ್ನ ಈಜುಕೊಳದ ಮಕ್ಕಳು, ನಿನ್ನ ಬಾಡಿಗೆ ಮನೆಯ ನಲ್ಲಿ, ಬೆಳಗ್ಗೆ ಏನು ತಿನ್ನುತ್ತೀಯ, ತಲೆ ಒದ್ದೆ ಇಟ್ಟುಕೊಂಡು ಗಾಳಿಗೆ ಓಡಾಡುತ್ತೀಯಾ ಇಲ್ಲವಾ. ನಾಯಿಗೆ ಇದೆಲ್ಲ ಆಸಕ್ತಿಯ ವಿಷಯ.

ನಾಯಿ ಡಾಕ್ಟರು ಒಂದು ಸಲ ಅವಳನ್ನು ಪರೀಕ್ಷೆ ಮಾಡುವುದು ಬಾಕಿ ಇದೆ. ಅದು ಮುಗಿದರೆ ಈ ವಾರವೇ ಮೇಡಂ ನಮ್ಮ ಮನೆಗೆ ಬರುತ್ತಾಳೆ. ಸದ್ಯಕ್ಕೆ ನಡುಮನೆಯಲ್ಲಿ ಮಲಗುತ್ತಾಳೆ. ನಿನ್ನ ರೂಮು ಹಾಗೇ ಇದೆ.

ಊಟ ಸರಿಯಾಗಿ ಮಾಡು.

ನಿನ್ನ,
ಅಮ್ಮ

ಮತ್ತೆ ಬರೆದಿದ್ದು, ಮಂಗಳವಾರ: ಸ್ಟಾಂಪು ಇರಲಿಲ್ಲ ಅಂತ ಕಾಗದ ಮೇಜಿನ ಮೇಲೇ ಉಳಿಯಿತು. ಅಷ್ಟರಲ್ಲಿ ಡಾಕ್ಟರ ಹತ್ತಿರ ಹೋಗಿ ಬಂದೆವು. ಮೇಡಂ ಕಿಟಕಿಯ ಕಡೆ ತಿರುಗಿದ್ದಾಗ ಅವರು ಹಿಂದಿನಿಂದ ಚಪ್ಪಾಳೆ ತಟ್ಟಿದರು, ಬೀಗದ ಕೈಗಳ ಗೊಂಚಲು ಅಲ್ಲಾಡಿಸಿದರು, ಕೊನೆಗೆ ಸೀಟಿ ಊದಿದರು. ನಾನು ಬೆಚ್ಚಿಬಿದ್ದೆ, ಅವಳು ಬೆಚ್ಚಲಿಲ್ಲ. ಹುಟ್ಟಿದಾಗಿನಿಂದ ಎರಡು ಕಿವಿಯೂ ಕೇಳಿಸುವುದಿಲ್ಲವಂತೆ. ನಾನು ಓದಿದ್ದರಲ್ಲಿ ಒಂದಕ್ಷರವೂ ಅವಳಿಗೆ ಮುಟ್ಟಿಲ್ಲ. ನಾನು ಒಪ್ಪಲಿಲ್ಲ. ಪೇಪರಿಗೆ ಕದಲದವಳು ನನ್ನ ಮಗಳ ಕಾಗದಕ್ಕೆ ಮಾತ್ರ ಎದ್ದು ಬಂದಳಲ್ಲ, ಅದು ಹೇಗೆ ಅಂತ ಡಾಕ್ಟರ ಮೇಲೆ ಜಗಳಕ್ಕೇ ನಿಂತೆ. ಕಿವಿ ಕೇಳದ ನಾಯಿಗಳು ಮುಖ ನೋಡ್ತಾವಮ್ಮಾ, ಅವನ್ನ ಓದುವಾಗ ನಿಮ್ಮ ಮುಖದಲ್ಲಿ ಅದಕ್ಕೆ ಏನೋ ಕಂಡಿದೆ ಅಂದರು. ಬಸ್ಸಿನಲ್ಲಿ ಮನೆಯವರೆಗೂ ಮೇಡಂ ನನ್ನ ಮುಖವನ್ನೇ ನೋಡುತ್ತಿದ್ದಳು. ನಾನು ಅದನ್ನು ಮುಚ್ಚಿಕೊಳ್ಳಲಿಲ್ಲ. ಮನೆಗೆ ಬಂದು ಈ ಕಾಗದ ಹರಿಯೋಣ ಅಂದುಕೊಂಡೆ, ನಾಯಿಗಾಗಿ ಬರೆ ಅಂತ ಕೇಳುವುದಕ್ಕೆ ಇನ್ನು ನೆಪವಿಲ್ಲವಲ್ಲ. ಹರಿಯಲಿಲ್ಲ. ಹೌದು ಮಗಳೇ, ಖಾಲಿ ಅನ್ನಿಸಿತ್ತು. ನೀನು ಹೋದ ಸಂಜೆಯಿಂದ ಇವತ್ತಿನವರೆಗೂ ಅನ್ನಿಸಿದೆ. ಕಾಗದ ಮೇಡಂಗೆ ಬೇಡ, ನನಗೆ ಬೇಕು. ಬರೆಯಲು ಬೇಜಾರಾದರೆ ಬಂದುಬಿಡು.